ಸ್ವಿಚ್ಚಿನಲ್ಲಿ ಫೋನಿನ ದನಿಗೆ ದಾರಿ ಬಿಡಿಸುವುದು: ಟ್ರಾಫಿಕ್ ವಿಂಗಡಣೆ, ಕ್ಯೂ, ಮಿತಿ

ಫೋನಿನಲ್ಲಿ ದನಿ ಕಡಿದು ಕಡಿದು ಬರ್ತಿದೆ ಅಂತ ದೂರು ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಕಡಿಯೋದು ಯಾರ ಕಿವಿಗೆ? ಆ ಕಡೆಯವರಿಗೋ, ಈ ಕಡೆಯವರಿಗೋ, ಇಬ್ಬರಿಗೂನೋ? ಬಹಳ ಜನ ಇದನ್ನು ಕೇಳದೆಯೇ ಸ್ವಿಚ್ಚಿಗೆ (ಫೋನು, ಪಿಸಿಗಳ ನೆಟ್‌ವರ್ಕ್ ತಂತಿಗಳನ್ನು ಕೂಡಿಸುವ ಡಬ್ಬಕ್ಕೆ) ಲಾಗಿನ್ ಆಗಿಬಿಡುತ್ತಾರೆ. ಹೋಗುವ ದನಿ, ಬರುವ ದನಿ ಎರಡೂ ಬೇರೆ ಬೇರೆ ಹರಿವು. ಒಬ್ಬರಿಗೆ ಮಾತ್ರ ಕಡಿದು ಕೇಳುತ್ತಿದೆ ಎಂದರೆ ಅವರತ್ತ ಬರುವ ದಿಕ್ಕಿನಲ್ಲಿ ಎಲ್ಲೋ ಲಿಂಕ್ ತುಂಬಿದೆ. ಆ ಲಿಂಕಿಗೆ ಪ್ಯಾಕೆಟ್ ತಳ್ಳುತ್ತಿರುವ ಸ್ವಿಚ್ಚನ್ನು ಹಿಡಿಯಬೇಕು, ಕೇಳಿಸಿಕೊಳ್ಳುವವರ ಬದಿಯ ಸ್ವಿಚ್ಚನ್ನಲ್ಲ.

ಇಲ್ಲಿ ಬರೆಯುತ್ತಿರುವುದು ದಾವಣಗೆರೆಯಲ್ಲಿ ನಾನು ನೆಟ್‌ವರ್ಕ್ ನೋಡಿಕೊಳ್ಳುವ ಒಂದು ಖಾಸಗಿ ಆಸ್ಪತ್ರೆಯ ಲೆಕ್ಕದಲ್ಲಿ. ಮುಖ್ಯ ಕಟ್ಟಡದಲ್ಲಿ ಸರ್ವರ್ ರೂಮು, ಆಸ್ಟರಿಸ್ಕ್ ಎಂಬ ಸಾಫ್ಟ್‌ವೇರ್ ಮೇಲೆ ಓಡುವ ಪಿಬಿಎಕ್ಸ್ (ಕರೆಗಳನ್ನು ಜೋಡಿಸುವ ಒಳಗಿನ ಎಕ್ಸ್‌ಚೇಂಜು), ಸ್ಕ್ಯಾನ್ ಚಿತ್ರಗಳನ್ನು ಇಡುವ ಸರ್ವರ್, ಒಂದು ಸಿಸ್ಕೊ ಕ್ಯಾಟಲಿಸ್ಟ್ 9300 ಸ್ವಿಚ್ಚು. ರಸ್ತೆಯಾಚೆ ಡಯಾಗ್ನಾಸ್ಟಿಕ್ ಸೆಂಟರ್. ಅಲ್ಲಿ ಸಿಟಿ ಯಂತ್ರ, ರಿಸೆಪ್ಷನ್, ಇಪ್ಪತ್ತರಷ್ಟು ಐಪಿ ಫೋನು, ಹಳೆಯದೊಂದು 2960-ಎಕ್ಸ್ ಸ್ವಿಚ್ಚು. ರಸ್ತೆ ಅಗೆಯುವ ಉಸಾಬರಿ ಬೇಡ ಅಂತ ಎರಡೂ ಮಾಳಿಗೆ ಮೇಲೆ ಒಂದೊಂದು ರೇಡಿಯೊ ಕೂರಿಸಿದ್ದಾರೆ. ಡಬ್ಬದ ಮೇಲೆ ಏನೇ ಬರೆದಿರಲಿ, ಆ ಲಿಂಕು ನೆಚ್ಚಿಕೊಳ್ಳುವ ಹಾಗೆ ಕೊಡುವುದು 110 ಎಂಬಿಪಿಎಸ್ ಆಸುಪಾಸು.

ಬೆಳಿಗ್ಗೆ ಸ್ಕ್ಯಾನ್ ಶುರುವಾದರೆ ಮುಖ್ಯ ಕಟ್ಟಡದವರಿಗೆ ಮಾತ್ರ ದನಿ ಕಡಿಯುತ್ತಿತ್ತು. ಡಯಾಗ್ನಾಸ್ಟಿಕ್ ಬದಿಯ ಹುಡುಗಿಗೆ ಎಲ್ಲವೂ ಸ್ಪಷ್ಟ. ಲೆಕ್ಕ ಹಾಕಿ ನೋಡಿ: ಸಿಟಿಯ ಒಂದು ಸ್ಲೈಸ್ 512×512 ಪಿಕ್ಸೆಲ್, ಪಿಕ್ಸೆಲ್ಲಿಗೆ 2 ಬೈಟ್, ಅಂದರೆ ಅರ್ಧ ಎಂಬಿ. 500 ಸ್ಲೈಸಿನ ಒಂದು ಸ್ಕ್ಯಾನಿಗೆ 250 ಎಂಬಿ. 100 ಎಂಬಿಪಿಎಸ್ ದಾರಿಯಲ್ಲಿ ಅದು ಇಪ್ಪತ್ತು ಸೆಕೆಂಡಿಗೂ ಮೀರಿ ಲಿಂಕನ್ನು ಇಡಿಯಾಗಿ ಹಿಡಿದು ಕೂರುತ್ತದೆ. ಜಿ.711 ಕೋಡೆಕ್ಕಿನ (ದನಿಯನ್ನು ಅಂಕಿಗಳಾಗಿಸುವ ವಿಧಾನ) ಒಂದು ಕರೆಗೆ ಒಂದು ದಿಕ್ಕಿನಲ್ಲಿ ಬೇಕಾಗುವುದು ಎತರ್ನೆಟ್ ಹೆಡರ್ ಸೇರಿ 87.2 ಕೆಬಿಪಿಎಸ್. ಇಪ್ಪತ್ತು ಕರೆ ಒಟ್ಟಿಗೆ ನಡೆದರೂ ಎರಡು ಎಂಬಿಪಿಎಸ್ ದಾಟುವುದಿಲ್ಲ. ಅಷ್ಟನ್ನು ಮೊದಲು ಬಿಟ್ಟರೆ ಚಿತ್ರ ತಲುಪುವುದು ಅರ್ಧ ಸೆಕೆಂಡು ತಡವಾದೀತು, ರೇಡಿಯಾಲಜಿಸ್ಟರ ಗಮನಕ್ಕೂ ಬಾರದು. ಬಿಡದಿದ್ದರೆ ದನಿ ಕೆಡುತ್ತದೆ. 20 ಮಿಲಿಸೆಕೆಂಡಿಗೊಂದರಂತೆ ಹೊರಡುವ ದನಿಯ ಪ್ಯಾಕೆಟ್ಟು ತಡವಾಗಿ ಬಂದರೆ ಬಾರದೆ ಇದ್ದ ಹಾಗೆಯೇ. ಚಿತ್ರ ಹೋಗುವುದು ಟಿಸಿಪಿಯಲ್ಲಿ, ಬಿದ್ದುಹೋದದ್ದನ್ನು ಮತ್ತೆ ಕಳಿಸಿಕೊಳ್ಳುತ್ತದೆ.

ಲಿಂಕ್ ದೊಡ್ಡದು ಮಾಡಲು ದುಡ್ಡಿದ್ದರೆ ಮೊದಲು ಅದನ್ನೇ ಮಾಡಿ. ಕ್ಯೂಒಎಸ್‌ನಿಂದ, ಅಂದರೆ ಟ್ರಾಫಿಕ್ಕನ್ನು ಹೀಗೆ ಹಿಂದುಮುಂದು ಮಾಡುವ ಏರ್ಪಾಡಿನಿಂದ, ಒಂದು ಬಿಟ್ಟೂ ಹೆಚ್ಚಿಗೆ ಸಿಗುವುದಿಲ್ಲ, ಯಾರು ಕಾಯಬೇಕು ಅನ್ನುವುದನ್ನು ಮಾತ್ರ ನೀವು ನಿರ್ಧರಿಸುತ್ತೀರಿ. ನಿಮ್ಮ ಯಾವ ಲಿಂಕೂ ತುಂಬುತ್ತಿಲ್ಲ ಎಂದರೆ ಇದಾವುದೂ ಬೇಡ.

ಕೆಲಸ ಮೂರು: ಗುರುತು ಹಾಕುವುದು, ಗುರುತು ನೋಡಿ ಕ್ಯೂಗೆ ಬಿಡುವುದು, ಕ್ಯೂ ಎಲ್ಲಿ ಕಟ್ಟಬೇಕೋ ಅಲ್ಲೇ ಕಟ್ಟುವಂತೆ ಮಾಡುವುದು. ಬಹಳ ಕಡೆ ಮೊದಲನೆಯದನ್ನು ಮಾಡಿ ಕೈತೊಳೆದುಕೊಂಡಿರುತ್ತಾರೆ. ಆಸ್ಪತ್ರೆಯ ಬೆಡ್‌ಶೀಟಿನ ಮೂಲೆಗೆ ದೋಬಿ ಹಾಕುವ ಗುರುತಿನ ಹಾಗೆ ಇದು, ವಾರ್ಡಿನಲ್ಲಿ ಅದನ್ನು ನೋಡಿ ವಿಂಗಡಿಸುವವರು ಇಲ್ಲದಿದ್ದರೆ ಗುರುತಿದ್ದೂ ಪ್ರಯೋಜನವಿಲ್ಲ.

ಗುರುತಿನ ಬಗ್ಗೆ ತಿಳಿದಿರಬೇಕಾದ್ದು ಇಷ್ಟು. ಐಪಿ ಹೆಡರಿನಲ್ಲಿ 6 ಬಿಟ್ಟಿನ ಡಿಎಸ್‌ಸಿಪಿ ಇದೆ, 0ಯಿಂದ 63ರವರೆಗೆ. ದನಿಗೆ 46, ಅದರ ಹೆಸರು ಇಎಫ್. ಕರೆ ಜೋಡಿಸುವ ಸಿಗ್ನಲಿಂಗಿಗೆ 24, ಅದು ಸಿಎಸ್3. ಕೆಲವು ಫೋನುಗಳು 26 ಹಾಕುತ್ತವೆ, ಹೆದರಬೇಡಿ. ಉಳಿದದ್ದೆಲ್ಲ 0. ರಾತ್ರಿ ಬ್ಯಾಕಪ್ಪಿನಂಥ ಎಷ್ಟು ಹೊತ್ತಾದರೂ ಆಗಲಿ ಅನ್ನುವ ಕೆಲಸಕ್ಕೆ 8. ಇದಲ್ಲದೆ ವಿಎಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ) ಟ್ಯಾಗಿನೊಳಗೆ 3 ಬಿಟ್ಟಿನ ಕಾಸ್ ಎಂಬುದೊಂದಿದೆ. ಟ್ಯಾಗ್ ಬಿಚ್ಚಿದ ಕೂಡಲೇ ಅದೂ ಹೋಯಿತು. ಅದಕ್ಕೇ ನಾನು ಡಿಎಸ್‌ಸಿಪಿಯನ್ನೇ ನೆಚ್ಚುತ್ತೇನೆ. ಕಾಸ್ ನಂಬಲೇಬೇಕಾದ ಸಂದರ್ಭ ಬಂದರೆ ಒಂದು ಎಚ್ಚರ: 2960ಯ ಮೂಲ ಕೋಷ್ಟಕದಲ್ಲಿ ಕಾಸ್ 5 ಬಂದು ಕೂರುವುದು ಡಿಎಸ್‌ಸಿಪಿ 40ಕ್ಕೆ, 46ಕ್ಕಲ್ಲ. ಅದನ್ನು ಕೈಯಾರೆ ತಿದ್ದಬೇಕು.

ಇಷ್ಟೇ ವರ್ಗಗಳು ಸಾಕು, ನಾಲ್ಕು. ಹನ್ನೆರಡು ವರ್ಗದ ನಕ್ಷೆಗಳು ಪುಸ್ತಕದಲ್ಲಿ ಚೆಂದ ಕಾಣುತ್ತವೆ, 2960-ಎಕ್ಸ್ ಮಾಮೂಲಾಗಿ ಕೊಡುವುದು ನಾಲ್ಕು ಕ್ಯೂ. ವರ್ಗ ಹೆಚ್ಚಾದಷ್ಟೂ ಬೇಡಿಕೆಯೂ ಹೆಚ್ಚುತ್ತದೆ. ಪಾಲಿಸಿ ಹಾಕಿದ ವಿಷಯ ಆಫೀಸಿನಲ್ಲಿ ಹಬ್ಬಿದ್ದೇ ತಡ, ಆಡಳಿತ ವಿಭಾಗದ ಮೇಡಂ ಬಂದರು. “ದೊಡ್ಡ ಡಾಕ್ಟ್ರ ಲ್ಯಾಪ್‌ಟಾಪಿಗೂ ಅದೇ ಪ್ರಯಾರಿಟಿ ಹಾಕಿಬಿಡ್ರಿ ಸರ.” ಅವರ ಟೇಬಲ್ ಮೇಲಿನ ಫೋನಿಗೆ ಆಗಲೇ ಇದೆ ಮೇಡಂ, ಅಂದೆ. ಹುದ್ದೆ ನೋಡಿ ವಿಂಗಡಣೆ ಶುರು ಮಾಡಿದರೆ ಅವರು ನೋಡುವ ವೀಡಿಯೊ ದನಿಯ ಕ್ಯೂನಲ್ಲಿ ಬಂದು ಕೂರುತ್ತದೆ, ಆಮೇಲೆ ಅವರ ಕರೆಯೇ ಕಡಿಯುತ್ತದೆ.

ಈಗ ನಂಬಿಕೆಯ ಪ್ರಶ್ನೆ. ಫೋನು ತಾನೇ 46 ಹಾಕಿ ಕಳಿಸುತ್ತದೆ. ಅದನ್ನು ಸ್ವಿಚ್ಚು ಒಪ್ಪಬೇಕೋ, ತಾನೇ ನೋಡಿ ಹೊಸದಾಗಿ ಹಾಕಬೇಕೋ? ಸಿಸ್ಕೊ ಫೋನುಗಳಿದ್ದರೆ ‘ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿವೈಸ್ ಸಿಸ್ಕೊ-ಫೋನ್’ ಎಂಬ ಸುಲಭದ ದಾರಿ ಇದೆ. ಅದು ನಡೆಯುವುದು ಸಿಡಿಪಿ ಮೂಲಕ, ಅಂದರೆ ಸಿಸ್ಕೊ ಸಾಧನಗಳು ತಮ್ಮ ಪರಿಚಯ ಹೇಳಿಕೊಳ್ಳುವ ಭಾಷೆಯಲ್ಲಿ. ಬೇರೆ ಕಂಪನಿಯ ಫೋನು ಸಿಕ್ಕಿಸಿದರೆ ಸ್ವಿಚ್ಚಿಗೆ ಅದು ಫೋನೆಂದೇ ತಿಳಿಯುವುದಿಲ್ಲ, ಗುರುತನ್ನು ಸೊನ್ನೆ ಮಾಡಿಬಿಡುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಎರಡು-ಮೂರು ಕಂಪನಿಯ ಫೋನುಗಳಿವೆ, ಪ್ರತಿ ಫೋನಿನ ಬೆನ್ನಿಗೆ ಒಂದು ಪಿಸಿ. ಹಾಗಾಗಿ ಬಳಕೆದಾರರ ಪೋರ್ಟಿನಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ವಾಯ್ಸ್ ವಿಎಲ್ಯಾನಿನ ವಿಳಾಸದಿಂದ ಬಂದಿದೆಯೇ, ಆರ್‌ಟಿಪಿ (ದನಿ ಸಾಗಿಸುವ ಪ್ರೋಟೊಕಾಲ್) ಪೋರ್ಟಿಗೆ ಹೋಗುತ್ತಿದೆಯೇ, ಎರಡನ್ನೂ ನೋಡಿ ಗುರುತು ಹಾಕುತ್ತೇನೆ.

ಆರ್‌ಟಿಪಿ ಪೋರ್ಟಿನ ವಿಷಯದಲ್ಲಿ ಕಣ್ಣುಮುಚ್ಚಿ ನಕಲು ಮಾಡಬೇಡಿ. ಎಲ್ಲ ಕಡೆ ಸಿಗುವ ಮಾದರಿಯಲ್ಲಿ 16384ರಿಂದ 32767 ಅಂತ ಇರುತ್ತದೆ. ಅದು ಸಿಸ್ಕೊ ಕಾಲ್ ಮ್ಯಾನೇಜರ್ ಇರುವವರ ಲೆಕ್ಕ. ಆಸ್ಟರಿಸ್ಕ್ ಜೊತೆ ಬರುವ ಮಾದರಿ ಫೈಲಿನಲ್ಲಿ 10000ದಿಂದ 20000 ಇದೆ. ಫೋನಿನಿಂದ ಫೋನಿಗೆ ದನಿ ನೇರ ಹೋಗುವ ಹಾಗೆ ಬಿಟ್ಟಿದ್ದರೆ ಫೋನಿನ ವೆಬ್ ಪೇಜಿನಲ್ಲಿ ಅದರದೇ ಆರ್‌ಟಿಪಿ ವ್ಯಾಪ್ತಿ ಎಷ್ಟಿದೆ ಅಂತಲೂ ನೋಡಿ. ವ್ಯಾಪ್ತಿ ತಪ್ಪಿದರೆ ಸ್ವಿಚ್ಚು ಯಾವ ದೋಷವನ್ನೂ ತೋರಿಸುವುದಿಲ್ಲ. ದನಿ ಸುಮ್ಮನೆ ಸಾಮಾನ್ಯ ವರ್ಗಕ್ಕೆ ಬೀಳುತ್ತದೆ.

ಕೆಳಗಿನ ಕಮಾಂಡುಗಳನ್ನು ಸೈಟಿನಲ್ಲಿರುವ ಹುಡುಗನಿಗೆ ಫೋನಿನಲ್ಲಿ ಹೇಳುವ ಹಾಗೇ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ವಿಳಾಸ, ಹೆಸರು, ಪೋರ್ಟ್ ಸಂಖ್ಯೆ ನಿಮ್ಮದಿರಲಿ. ಮೊದಲು 2960-ಎಕ್ಸ್. ಆಕ್ಸೆಸ್-ಲಿಸ್ಟ್ ಯಾವ ಪ್ಯಾಕೆಟ್ ಅಂತ ಹೇಳುತ್ತದೆ, ಕ್ಲಾಸ್-ಮ್ಯಾಪ್ ಅದನ್ನು ವರ್ಗ ಮಾಡುತ್ತದೆ, ಪಾಲಿಸಿ-ಮ್ಯಾಪ್ ಆ ವರ್ಗಕ್ಕೆ ಗುರುತು ಹಾಕುತ್ತದೆ:

ಐಪಿ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ಎಸಿಎಲ್-ವಾಯ್ಸ್
 ಪರ್ಮಿಟ್ ಯುಡಿಪಿ 10.20.40.0 0.0.0.255 ಎನಿ ರೇಂಜ್ 10000 20000
ಐಪಿ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ಎಸಿಎಲ್-ಸಿಗ್ನಲ್
 ಪರ್ಮಿಟ್ ಯುಡಿಪಿ 10.20.40.0 0.0.0.255 ಎನಿ ಈಕ್ಯೂ 5060
 ಪರ್ಮಿಟ್ ಟಿಸಿಪಿ 10.20.40.0 0.0.0.255 ಎನಿ ರೇಂಜ್ 5060 5061
ಐಪಿ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ಎಸಿಎಲ್-ಬ್ಯಾಕಪ್
 ಪರ್ಮಿಟ್ ಐಪಿ ಹೋಸ್ಟ್ 10.20.10.9 ಎನಿ

ಕ್ಲಾಸ್-ಮ್ಯಾಪ್ ಮ್ಯಾಚ್-ಆಲ್ ಸಿಎಂ-ವಾಯ್ಸ್
 ಮ್ಯಾಚ್ ಆಕ್ಸೆಸ್-ಗ್ರೂಪ್ ನೇಮ್ ಎಸಿಎಲ್-ವಾಯ್ಸ್
ಕ್ಲಾಸ್-ಮ್ಯಾಪ್ ಮ್ಯಾಚ್-ಆಲ್ ಸಿಎಂ-ಸಿಗ್ನಲ್
 ಮ್ಯಾಚ್ ಆಕ್ಸೆಸ್-ಗ್ರೂಪ್ ನೇಮ್ ಎಸಿಎಲ್-ಸಿಗ್ನಲ್
ಕ್ಲಾಸ್-ಮ್ಯಾಪ್ ಮ್ಯಾಚ್-ಆಲ್ ಸಿಎಂ-ಬ್ಯಾಕಪ್
 ಮ್ಯಾಚ್ ಆಕ್ಸೆಸ್-ಗ್ರೂಪ್ ನೇಮ್ ಎಸಿಎಲ್-ಬ್ಯಾಕಪ್

ಪಾಲಿಸಿ-ಮ್ಯಾಪ್ ಪಿಎಂ-ಎಡ್ಜ್
 ಕ್ಲಾಸ್ ಸಿಎಂ-ವಾಯ್ಸ್
  ಸೆಟ್ ಡಿಎಸ್‌ಸಿಪಿ 46
  ಪೊಲೀಸ್ 256000 8000 ಎಕ್ಸೀಡ್-ಆಕ್ಷನ್ ಡ್ರಾಪ್
 ಕ್ಲಾಸ್ ಸಿಎಂ-ಸಿಗ್ನಲ್
  ಸೆಟ್ ಡಿಎಸ್‌ಸಿಪಿ 24
 ಕ್ಲಾಸ್ ಸಿಎಂ-ಬ್ಯಾಕಪ್
  ಸೆಟ್ ಡಿಎಸ್‌ಸಿಪಿ 8
 ಕ್ಲಾಸ್ ಕ್ಲಾಸ್-ಡಿಫಾಲ್ಟ್
  ಸೆಟ್ ಡಿಎಸ್‌ಸಿಪಿ 0

ಇಂಟರ್‌ಫೇಸ್ ರೇಂಜ್ ಗಿಗ್ 1/0/1 - 40
 ಸರ್ವಿಸ್-ಪಾಲಿಸಿ ಇನ್‌ಪುಟ್ ಪಿಎಂ-ಎಡ್ಜ್

ಒಂದು ಕ್ಲಾಸ್-ಮ್ಯಾಪಿಗೆ ಒಂದೇ ಮ್ಯಾಚ್ ಸಾಲು ಬರೆದಿರುವುದು ಸುಮ್ಮನಲ್ಲ, ಈ ಸ್ವಿಚ್ಚು ಅಷ್ಟನ್ನೇ ಒಪ್ಪುತ್ತದೆ. ವೇಗಕ್ಕೆ ಮಿತಿ ಕಟ್ಟುವ ಪೊಲೀಸ್ ಸಾಲಿನ 256 ಕೆಬಿಪಿಎಸ್ ನೋಡಿ ಕೆಲವರು ಹುಬ್ಬೇರಿಸುತ್ತಾರೆ, ಒಂದು ಕರೆಗೆ 128 ಸಾಕಲ್ಲವೇ ಅಂತ. ಮೂವರ ಕರೆಯನ್ನು ಫೋನೇ ಕೂಡಿಸುವುದಾದರೆ ಅದರಿಂದ ಎರಡು ಹರಿವು ಹೊರಡುತ್ತವೆ, 174 ಕೆಬಿಪಿಎಸ್. 128ಕ್ಕೆ ಕಟ್ಟಿದರೆ ಡಾಕ್ಟರು ಮೂರನೆಯವರನ್ನು ಕರೆಗೆ ಸೇರಿಸಿಕೊಂಡಾಗಲೆಲ್ಲ ದನಿ ಹಾಳು. ಆ ದೋಷ ಹುಡುಕುವುದು ಮಹಾ ತಲೆನೋವು. ಹಾಗಂತ ಮಿತಿಯನ್ನೇ ತೆಗೆಯಬೇಡಿ. ಯಾರೋ ಪಿಸಿಗೆ ವಾಯ್ಸ್ ವಿಎಲ್ಯಾನಿನ ವಿಳಾಸ ಕೊಟ್ಟುಕೊಂಡು ಕೂತರೆ ತಡೆಯಲು ಇರುವುದು ಅದೊಂದೇ.

ಅದೇ ಪೋರ್ಟಿಗೆ ಟ್ರಸ್ಟ್ ಸಾಲನ್ನೂ ಈ ಪಾಲಿಸಿಯನ್ನೂ ಒಟ್ಟಿಗೆ ಹಾಕಬೇಡಿ. ಕೊನೆಗೆ ಹಾಕಿದ್ದೇ ನಿಲ್ಲುತ್ತದೆ.

ಈಗ ರೇಡಿಯೊ ಸಿಕ್ಕಿಸಿರುವ ಪೋರ್ಟು:

ಇಂಟರ್‌ಫೇಸ್ ಗಿಗ್ 1/0/48
 ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿಎಸ್‌ಸಿಪಿ
 ಪ್ರಯಾರಿಟಿ-ಕ್ಯೂ ಔಟ್
 ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಶೇರ್ 1 70 25 5
 ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್ 10

ಇಡೀ ಕೆಲಸದಲ್ಲಿ ಕೊನೆಯ ಸಾಲೇ ಹೆಚ್ಚು ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ. ಸ್ವಿಚ್ಚಿನ ಕಣ್ಣಿಗೆ ಆ ಪೋರ್ಟು ಗಿಗಾಬಿಟ್. 110 ಎಂಬಿಪಿಎಸ್ ಕೊಡುವ ರೇಡಿಯೊ ಆಚೆಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಸ್ವಿಚ್ಚಿನಲ್ಲಿ ದಟ್ಟಣೆಯೇ ಆಗುವುದಿಲ್ಲ, ಬಂದದ್ದೆಲ್ಲ ತಕ್ಷಣ ಹೊರಗೆ. ಕ್ಯೂ ಕಟ್ಟುವುದು ರೇಡಿಯೊ ಹೊಟ್ಟೆಯಲ್ಲಿ, ನಿಮ್ಮ ಪಾಲಿಸಿಯ ಕೈಗೆ ಸಿಗದ ಜಾಗದಲ್ಲಿ. ಅಲ್ಲಿ ಒಂದು ಎಂಬಿ ಬಫರ್ ತುಂಬಿದರೆ 100 ಎಂಬಿಪಿಎಸ್ ವೇಗಕ್ಕೆ 80 ಮಿಲಿಸೆಕೆಂಡ್ ತಡ. ಒಂದು ದಿಕ್ಕಿನ ತಡ ಒಟ್ಟಾರೆ 150 ಮಿಲಿಸೆಕೆಂಡಿನೊಳಗೆ ಇರಲಿ ಎನ್ನುತ್ತದೆ ಐಟಿಯು-ಟಿಯ ಜಿ.114 ಶಿಫಾರಸು. ಅರ್ಧಕ್ಕಿಂತ ಹೆಚ್ಚು ಒಂದೇ ಕಡೆ ಖರ್ಚಾಯಿತು. ಲಿಮಿಟ್ 10 ಅಂದರೆ ಗಿಗಾಬಿಟ್ಟಿನ ಶೇಕಡ 10, ಸುಮಾರು 100 ಎಂಬಿಪಿಎಸ್. ಇದಕ್ಕಿಂತ ಕೆಳಗೆ ಇಳಿಸಲು ಬರುವುದಿಲ್ಲ, ಹಾರ್ಡ್‌ವೇರು ನೀವು ಕೊಟ್ಟ ಸಂಖ್ಯೆಗೆ ಕರಾರುವಾಕ್ಕಾಗಿ ನಿಲ್ಲುವುದೂ ಇಲ್ಲ. ರೇಡಿಯೊದ ನಿಜವಾದ ವೇಗಕ್ಕಿಂತ ತುಸು ಕಡಿಮೆ ಇರಬೇಕು, ಅಷ್ಟೇ. ನಿಮ್ಮ ರೇಡಿಯೊ 60-70 ಕೊಡುವಂಥದಾದರೆ ಪೋರ್ಟನ್ನು ‘ಸ್ಪೀಡ್ 100’ಕ್ಕೆ ಇಳಿಸಿ, ಆಮೇಲೆ ಲಿಮಿಟನ್ನು ಆ 100ರ ಶೇಕಡದಲ್ಲಿ ಕೊಡಿ.

ಪ್ರಯಾರಿಟಿ-ಕ್ಯೂ ಔಟ್ ಹಾಕಿದ ಮೇಲೆ, ನಾಲ್ಕು ಕ್ಯೂಗಳ ಪಾಲು ಹೇಳುವ ಶೇರ್ ಸಾಲಿನ ಮೊದಲ ಸಂಖ್ಯೆಗೆ ಅರ್ಥವಿಲ್ಲ. ಒಂದನೇ ಕ್ಯೂ ಖಾಲಿಯಾಗುವವರೆಗೆ ಬೇರೆಯವು ಕಾಯುತ್ತವೆ. ಡಿಎಸ್‌ಸಿಪಿ 40ರಿಂದ 47 ಮೊದಲೇ ಆ ಕ್ಯೂಗೆ ಸೇರಿವೆ, ದನಿಗೆ ಬೇರೇನೂ ಮಾಡಬೇಕಿಲ್ಲ. ಬ್ಯಾಕಪ್ಪಿನ 8 ಮಾತ್ರ ಸಾಮಾನ್ಯರ ಜೊತೆ ಎರಡನೇ ಕ್ಯೂನಲ್ಲಿದೆ, ಅದನ್ನು ನಾಲ್ಕಕ್ಕೆ ದಬ್ಬಬೇಕು. ನಾಲ್ಕನೆಯದರಲ್ಲಿ ರೌಟಿಂಗಿನಂಥ ನೆಟ್‌ವರ್ಕಿನ ಸ್ವಂತ ಮಾತುಕತೆಯೂ ಇರುವುದರಿಂದ ಅದನ್ನು ಅಲ್ಲಿಂದ ಎತ್ತಿ ಮೂರಕ್ಕೆ ಹಾಕಿ:

ಎಂಎಲ್‌ಎಸ್ ಕ್ಯೂಒಎಸ್ ಎಸ್‌ಆರ್‌ಆರ್-ಕ್ಯೂ ಔಟ್‌ಪುಟ್ ಡಿಎಸ್‌ಸಿಪಿ-ಮ್ಯಾಪ್ ಕ್ಯೂ 4 ಥ್ರೆಶ್‌ಹೋಲ್ಡ್ 1 8
ಎಂಎಲ್‌ಎಸ್ ಕ್ಯೂಒಎಸ್ ಎಸ್‌ಆರ್‌ಆರ್-ಕ್ಯೂ ಔಟ್‌ಪುಟ್ ಡಿಎಸ್‌ಸಿಪಿ-ಮ್ಯಾಪ್ ಕ್ಯೂ 3 ಥ್ರೆಶ್‌ಹೋಲ್ಡ್ 3 48 56
ಎಂಎಲ್‌ಎಸ್ ಕ್ಯೂಒಎಸ್ ಕ್ಯೂ-ಸೆಟ್ ಔಟ್‌ಪುಟ್ 1 ಬಫರ್ಸ್ 15 55 15 15

ಬಫರ್ಸ್ ಸಾಲು ಯಾಕೆಂದರೆ, ಕ್ಯೂಒಎಸ್ ಚಾಲೂ ಆದ ಗಳಿಗೆಯಿಂದ ಸ್ವಿಚ್ಚು ಬಫರನ್ನು ನಾಲ್ಕು ಕ್ಯೂಗೂ ಸಮನಾಗಿ 25ರಂತೆ ಹಂಚಿಬಿಡುತ್ತದೆ. ಅಲ್ಲಿವರೆಗೆ ಇಡೀ ಬಫರ್ ಉಂಡುಕೊಂಡಿದ್ದ ಸಾಮಾನ್ಯ ಟ್ರಾಫಿಕ್ಕಿಗೆ ಕಾಲು ಭಾಗ. ನಿನ್ನೆವರೆಗೆ ಇಲ್ಲದ ಡ್ರಾಪು ಇವತ್ತು ಕಾಣಿಸಿಕೊಳ್ಳುತ್ತದೆ, ಎಲ್ಲರೂ ಕ್ಯೂಒಎಸ್ಸನ್ನು ಬೈಯುತ್ತಾರೆ.

ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ಓಪಿಡಿ ಮುಗಿದ ಹೊತ್ತಿನಲ್ಲಿ:

ಎಂಎಲ್‌ಎಸ್ ಕ್ಯೂಒಎಸ್

ಎರಡೇ ಪದದ ಈ ಕಮಾಂಡನ್ನು ಮೊದಲು ಹೊಡೆಯಬಾರದು. ಇದು ಆಫ್ ಇರುವಾಗ ಗುರುತುಗಳು ಬಂದ ಹಾಗೇ ದಾಟಿಹೋಗುತ್ತವೆ. ಆನ್ ಆದ ಕ್ಷಣ, ಟ್ರಸ್ಟ್ ಅಥವಾ ಪಾಲಿಸಿ ಇಲ್ಲದ ಪ್ರತಿ ಪೋರ್ಟಿನಲ್ಲೂ ಡಿಎಸ್‌ಸಿಪಿ ಸೊನ್ನೆ. ಫೋನು ಸರಿಯಾಗಿ ಹಾಕಿಕೊಂಡು ಬಂದ 46ನ್ನೂ ಅಳಿಸಿಬಿಡುತ್ತದೆ. ‘ಕ್ಯೂಒಎಸ್ ಹಾಕಿದ ಮೇಲೆ ಇನ್ನೂ ಕೆಟ್ಟಿತು’ ಅನ್ನುವ ದೂರುಗಳ ಮೂಲ ಬಹುಪಾಲು ಇಲ್ಲೇ ಇರುತ್ತದೆ. ನಡುವೆ ಇನ್ನೊಂದು ಹಳೆಯ ಸ್ವಿಚ್ಚಿದ್ದು, ಅದರ ಅಪ್‌ಲಿಂಕಿನಲ್ಲಿ ಟ್ರಸ್ಟ್ ಬಿಟ್ಟುಹೋಗಿದ್ದರೂ ಇದೇ ಗತಿ.

9300ರ ಸ್ವಭಾವ ಬೇರೆ. ಅದು ಮೊದಲಿನಿಂದಲೂ ಬಂದ ಡಿಎಸ್‌ಸಿಪಿಯನ್ನು ನಂಬುತ್ತದೆ, ಎಂಎಲ್‌ಎಸ್ ಪದವೇ ಅಲ್ಲಿಲ್ಲ. ಬಳಕೆದಾರರ ಪೋರ್ಟಿಗೆ ಮೇಲಿನ ಎಡ್ಜ್ ಪಾಲಿಸಿಯನ್ನೇ ಹಾಕಿ, ರೇಡಿಯೊ ಪೋರ್ಟಿಗೆ ಇದು:

ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ಸಿಎಂ-ಔಟ್-ವಾಯ್ಸ್
 ಮ್ಯಾಚ್ ಡಿಎಸ್‌ಸಿಪಿ ಇಎಫ್
ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ಸಿಎಂ-ಔಟ್-ಸಿಗ್ನಲ್
 ಮ್ಯಾಚ್ ಡಿಎಸ್‌ಸಿಪಿ ಸಿಎಸ್3

ಪಾಲಿಸಿ-ಮ್ಯಾಪ್ ಪಿಎಂ-ಚೈಲ್ಡ್
 ಕ್ಲಾಸ್ ಸಿಎಂ-ಔಟ್-ವಾಯ್ಸ್
  ಪ್ರಯಾರಿಟಿ ಲೆವೆಲ್ 1
 ಕ್ಲಾಸ್ ಸಿಎಂ-ಔಟ್-ಸಿಗ್ನಲ್
  ಬ್ಯಾಂಡ್‌ವಿಡ್ತ್ ರಿಮೇನಿಂಗ್ ಪರ್ಸೆಂಟ್ 10
 ಕ್ಲಾಸ್ ಕ್ಲಾಸ್-ಡಿಫಾಲ್ಟ್
  ಬ್ಯಾಂಡ್‌ವಿಡ್ತ್ ರಿಮೇನಿಂಗ್ ಪರ್ಸೆಂಟ್ 90

ಪಾಲಿಸಿ-ಮ್ಯಾಪ್ ಪಿಎಂ-ರೇಡಿಯೊ
 ಕ್ಲಾಸ್ ಕ್ಲಾಸ್-ಡಿಫಾಲ್ಟ್
  ಶೇಪ್ ಆವರೇಜ್ 100000000
  ಸರ್ವಿಸ್-ಪಾಲಿಸಿ ಪಿಎಂ-ಚೈಲ್ಡ್

ಇಂಟರ್‌ಫೇಸ್ ಗಿಗ್ 1/0/24
 ಸರ್ವಿಸ್-ಪಾಲಿಸಿ ಔಟ್‌ಪುಟ್ ಪಿಎಂ-ರೇಡಿಯೊ

ಈ ಬದಿಯಲ್ಲಿ ಜನ ಮರೆಯುವುದು ಪಿಬಿಎಕ್ಸನ್ನು. ಫೋನುಗಳು ಗುರುತು ಹಾಕುತ್ತವೆ ಅಂದಮಾತ್ರಕ್ಕೆ ಆಸ್ಟರಿಸ್ಕೂ ಹಾಕುತ್ತದೆ ಅಂತಲ್ಲ. ಪಿಜೆಸಿಪ್ (ಆಸ್ಟರಿಸ್ಕಿನಲ್ಲಿ ಕರೆ ಜೋಡಿಸುವ ಭಾಗ) ಬಳಸುವವರು ಎಂಡ್‌ಪಾಯಿಂಟಿನಲ್ಲಿ ‘ಟಿಒಎಸ್ ಅಂಡರ್‌ಸ್ಕೋರ್ ಆಡಿಯೊ’ಗೆ ಇಎಫ್, ಟ್ರಾನ್ಸ್‌ಪೋರ್ಟಿನಲ್ಲಿ ‘ಟಿಒಎಸ್’ಗೆ ಸಿಎಸ್3 ಅಂತ ಬರೆಯದಿದ್ದರೆ ಅಲ್ಲಿಂದ ಹೊರಡುವ ದನಿ ಸೊನ್ನೆಯಲ್ಲೇ ಹೊರಡುತ್ತದೆ.

ಸರಿ, ಗುರುತು ನಿಜವಾಗಿ ತಲುಪುತ್ತಿದೆಯೇ? 2960-ಎಕ್ಸಿನಲ್ಲಿ ‘ಶೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್’ ಹೊಡೆದು ಸೊನ್ನೆಗಳನ್ನು ಕಂಡು ಗಾಬರಿಯಾಗಬೇಡಿ, ಈ ಸರಣಿಯಲ್ಲಿ ಆ ಎಣಿಕೆ ಕೆಲಸ ಮಾಡುವುದಿಲ್ಲ. 9300ರಲ್ಲಿ ಅದೇ ಕಮಾಂಡು ಸರಿಯಾಗಿ ತೋರಿಸುತ್ತದೆ. ಹಳೆಯದಕ್ಕೆ ‘ಶೋ ಎಂಎಲ್‌ಎಸ್ ಕ್ಯೂಒಎಸ್ ಇಂಟರ್‌ಫೇಸ್ ಗಿಗ್ 1/0/48 ಸ್ಟ್ಯಾಟಿಸ್ಟಿಕ್ಸ್’. ಡಿಎಸ್‌ಸಿಪಿಗಳನ್ನು ಐದೈದಾಗಿ ಸಾಲು ಹಿಡಿದು ತೋರಿಸುತ್ತದೆ. ‘45 - 49’ ಎಂಬ ಸಾಲಿನ ಎರಡನೇ ಅಂಕಿಯೇ ನಿಮ್ಮ 46. ಒಂದು ಕರೆ ಮಾಡಿಸಿ, ಹತ್ತು ಸೆಕೆಂಡು ಬಿಟ್ಟು ಮತ್ತೆ ನೋಡಿ. ಔಟ್‌ಗೋಯಿಂಗ್ ಭಾಗದಲ್ಲಿ ಅದು 500ರಷ್ಟು ಏರಿರಬೇಕು, ಸೆಕೆಂಡಿಗೆ 50 ಪ್ಯಾಕೆಟ್ಟಿನ ಲೆಕ್ಕ. ಕೆಳಗೆ ಕ್ಯೂಗಳ ಡ್ರಾಪ್ ಎಣಿಕೆ ಇದೆ. ಅಲ್ಲಿ ಕ್ಯೂಗಳ ಹೆಸರು 0ಯಿಂದ 3. ಕಾನ್ಫಿಗರ್ ಮಾಡುವಾಗ 1ರಿಂದ 4 ಇತ್ತು. ಹಾಗಾಗಿ ದನಿಯ ಡ್ರಾಪು ನೋಡಬೇಕಾದ್ದು ‘ಕ್ಯೂ 0’ಯಲ್ಲಿ. ಸ್ಕ್ಯಾನ್ ಹೋಗುತ್ತಿರುವಾಗ ‘ಕ್ಯೂ 1’ರಲ್ಲಿ ಡ್ರಾಪು ಏರಿದರೆ ಒಳ್ಳೆಯದೇ, ಕ್ಯೂ ರೇಡಿಯೊದಲ್ಲಲ್ಲ, ನಿಮ್ಮ ಸ್ವಿಚ್ಚಿನಲ್ಲಿ ಕಟ್ಟುತ್ತಿದೆ ಎಂದರ್ಥ.

ಆಚೆ ಬದಿಯಲ್ಲಿ ಪೋರ್ಟ್ ಮಿರರ್ ಮಾಡಿ (ಅದರ ಟ್ರಾಫಿಕ್ಕಿನ ನಕಲು ಪಡೆದು), ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕಿನಲ್ಲೂ ಒಮ್ಮೆ ನೋಡಿ. ಟಿಸಿಪಿಡಂಪ್ ಬಳಸುವವರಿಗೆ ಅಲ್ಲಿ 46ರ ಬದಲು ಹೆಕ್ಸಿನಲ್ಲಿ ಬಿ8 ಕಾಣುತ್ತದೆ. ಇಡೀ ಬೈಟನ್ನು ತೋರಿಸುವುದರಿಂದ 46ರ ನಾಲ್ಕರಷ್ಟು, 184. ಲಿನಕ್ಸಿನ ಪಿಂಗ್‌ಗೆ ದೊಡ್ಡ ಕ್ಯೂ ಆಯ್ಕೆಯಲ್ಲಿ 184 ಕೊಟ್ಟು ಗುರುತು ಹೊತ್ತ ಪ್ಯಾಕೆಟ್ ಕಳಿಸಬಹುದು. ನಂಬುವ ಪೋರ್ಟಿನಿಂದ ಕಳಿಸಿ. ಎಡ್ಜ್ ಪಾಲಿಸಿ ಇರುವ ಪೋರ್ಟಿನಲ್ಲಿ ಪಿಂಗ್ ಯುಡಿಪಿ ಅಲ್ಲದ ಕಾರಣ ಸೊನ್ನೆಯಾಗಿಬಿಡುತ್ತದೆ, ಆಗಲೂ ಬೇಕು.

ರೇಡಿಯೊದೊಳಗಿನ ಕ್ಯೂಒಎಸ್ ಪುಟವನ್ನೂ ತೆರೆದು ನೋಡಿ. ವೈ-ಫೈ ಮೂಲದ ರೇಡಿಯೊಗಳಲ್ಲಿ ನಾಲ್ಕು ವರ್ಗ: ದನಿ, ವೀಡಿಯೊ, ಸಾಮಾನ್ಯ, ಹಿನ್ನೆಲೆ. 0ಯಿಂದ 7ರವರೆಗಿನ ಆದ್ಯತೆಯ ಅಂಕಿಗಳಲ್ಲಿ ದನಿಯ ವರ್ಗಕ್ಕೆ ಸೇರುವುದು 6 ಮತ್ತು 7. ಡಿಎಸ್‌ಸಿಪಿಯ ಮೇಲಿನ ಮೂರು ಬಿಟ್ಟನ್ನಷ್ಟೇ ತೆಗೆದುಕೊಳ್ಳುವ ಸಾಧನಕ್ಕೆ 46 ಕಾಣುವುದು 5 ಆಗಿ, ವೀಡಿಯೊ ವರ್ಗಕ್ಕೆ ಹೋಗುತ್ತದೆ. 2018ರ ಆರ್‌ಎಫ್‌ಸಿ 8325 ಎಂಬ ಇಂಟರ್‌ನೆಟ್ ಮಾನದಂಡ ಇದನ್ನೇ ತಿದ್ದಿ 46ನ್ನು 6ಕ್ಕೆ ಕೂರಿಸಲು ಹೇಳುತ್ತದೆ. ನಿಮ್ಮ ರೇಡಿಯೊದಲ್ಲಿ ಬದಲಿಸಲು ಜಾಗವಿದ್ದರೆ ಬದಲಿಸಿ. ಇಲ್ಲದಿದ್ದರೂ ಸ್ವಿಚ್ಚಿನ ಮಿತಿ ಸರಿಯಿದ್ದರೆ ದೊಡ್ಡ ತೊಂದರೆಯಿಲ್ಲ.

ಇಂಟರ್‌ನೆಟ್ ಕಡೆಗೆ ಹೋಗುವ ಗುರುತಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ, ನಿಮ್ಮ ಗೇಟು ದಾಟಿದ ಮೇಲೆ ಅದಕ್ಕೆ ಮರ್ಯಾದೆ ಸಿಗುವ ಖಾತ್ರಿ ಇಲ್ಲ. ಅಲ್ಲಿ ಕೆಲಸ ರೌಟರಿನ ಶೇಪಿಂಗಿನದು (ಹೊರಡುವ ವೇಗವನ್ನು ಮಿತಿಯೊಳಗೆ ಇಡುವುದು). ಕ್ಯಾಮೆರಾ ರೆಕಾರ್ಡರನ್ನು ಕ್ಯಾಮೆರಾಗಳಿರುವ ಕಟ್ಟಡದಲ್ಲೇ ಇಡಿ. 4 ಎಂಬಿಪಿಎಸ್‌ನ 40 ಕ್ಯಾಮೆರಾ ಅಂದರೆ 160, ಅದು ಯಾವ ವರ್ಗದಲ್ಲೂ ಈ ರೇಡಿಯೊ ದಾಟದು.

‘ರೈಟ್ ಮೆಮೊರಿ’ ಹೊಡೆದು, ಎರಡೂ ಸ್ವಿಚ್ಚಿನ ಕಾನ್ಫಿಗನ್ನು ಒಂದೊಂದು ಫೈಲಿಗೆ ತೆಗೆದಿಡಿ. ರೇಡಿಯೊ ಬದಲಾದರೆ ಲಿಮಿಟ್ ಮತ್ತು ಶೇಪ್ ಸಂಖ್ಯೆ, ಪಿಬಿಎಕ್ಸ್ ಬದಲಾದರೆ ಆರ್‌ಟಿಪಿ ವ್ಯಾಪ್ತಿ, ಹೊಸ ಸ್ವಿಚ್ಚು ನಡುವೆ ಸೇರಿದರೆ ಅದರ ಅಪ್‌ಲಿಂಕಿನ ಟ್ರಸ್ಟ್. ಈ ಮೂರನ್ನೂ ರ‍್ಯಾಕಿನ ಬಾಗಿಲಿಗೆ ಚೀಟಿ ಬರೆದು ಅಂಟಿಸಿ. ಮುಂದಿನ ಸಲ ಬದಲಾಯಿಸುವವರು ನೀವೇ ಆಗಿರಬೇಕೆಂದಿಲ್ಲ.